ಮಹಾರಾಜ ನಿಲ್ಲಿಸಿದ ತೂಬು

ಬಹಳ ಹಿಂದೆ, ಅರಮನೆಗೆ ಕಂಪ್ಯೂಟರ್ ಬಂದಿದ್ದರೂ ವಿವೇಕಕ್ಕೆ ಇನ್ನೂ ಟೆಂಡರ್ ಕರೆಯದಿದ್ದ ಕಾಲದಲ್ಲಿ, ಸ್ತಂಭಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ವಿಲಂಬಸೇನ. ಅವನ ಆಜ್ಞೆಗಳನ್ನು ಟೈಪ್ ಮಾಡುವ ಕೆಲಸ ಆಸ್ಥಾನದ ಲಿಪಿಕಾರ್ತಿ ಮಂದಾರವಲ್ಲಿಯದು.

ಆ ಬೇಸಿಗೆ ಪಟ್ಟಣದ ನಲ್ಲಿಗಳೆಲ್ಲ ಒಣಗಿದವು. ಮಂದಾರವಲ್ಲಿಯ ಅಮ್ಮ ಬೆಳಗಿನಿಂದ ಖಾಲಿ ಕೊಡ ಹಿಡಿದು ನಲ್ಲಿ ಮುಂದೆ ಕೂತಿದ್ದಳು. ಕೆರೆಯೇನೋ ತುಂಬಿತ್ತು, ತೂಬು ತೆಗೆಯಲು ರಾಜಾಜ್ಞೆ ಬೇಕಿತ್ತು. ಆಜ್ಞೆ ಬರೆಯೋಣವೆಂದು ಮಂದಾರವಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶವಾದ ಎಡಿಟರ್ ತೆರೆದರೆ ಅದು ಬಿರುದಾವಳಿ ಹಾಡತೊಡಗಿತು. ಮಂತ್ರಿ ಸ್ತುತಿಪಾಲರು ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ರಾಜನ ಬಿರುದುಗಳನ್ನೆಲ್ಲ ತುರುಕಿಸಿದ್ದರು. ಎಡಿಟರು 'ಶತ್ರುಭಯಂಕರ'ದವರೆಗೆ ಹೇಗೋ ಬಂದು, ಅಲ್ಲೇ ಉಸಿರುಗಟ್ಟಿ ನಿಲ್ಲುತ್ತಿತ್ತು.

ಸೆಟ್ಟಿಂಗ್ಸ್ ಓದದೆಯೇ ತೆರೆದುಕೋ ಎಂದು ಅವಳು ಯಂತ್ರಕ್ಕೆ ಹೇಳಿದಳು. ತೆರೆದುಕೊಂಡಿತು. "ತೂಬನ್ನು ಕೂಡಲೇ ತೆಗೆಯತಕ್ಕದ್ದು" ಎಂದು ಟೈಪ್ ಮಾಡಿದಳು. ಅಷ್ಟರಲ್ಲಿ ಮಂತ್ರಿಗಳೊಡನೆ ಮಹಾರಾಜರ ಸವಾರಿ ಬಂತು.

"ನಮ್ಮ ಬಿರುದುಗಳೆಲ್ಲಿ?" ಎಂದು ಗುಡುಗಿ ರಾಜ ಕೀಬೋರ್ಡಿನ ಮೇಲೆ ಕೈ ಊರಿದ. ಒಂದು ಬೆರಳು ಕಂಟ್ರೋಲ್ ಕೀಲಿಯ ಮೇಲೆ, ಇನ್ನೊಂದು ಝಡ್ ಮೇಲೆ. ಆ ಯಂತ್ರದಲ್ಲಿ ಈ ಎರಡನ್ನೂ ಒಟ್ಟಿಗೆ ಒತ್ತಿದರೆ ನಡೆಯುತ್ತಿದ್ದ ಕೆಲಸ ಇದ್ದಲ್ಲೇ ನಿಂತುಬಿಡುತ್ತಿತ್ತು. ಆಜ್ಞೆ ಮಾಯ! ಪರದೆಯ ಮೇಲೆ 'ನಿಲ್ಲಿಸಲಾಗಿದೆ' ಎಂಬ ಒಂದೇ ಮಾತು.

ರಾಜನ ಮುಖ ಬಿಳಿಚಿತು. ಸ್ತುತಿಪಾಲರು ಮಾತ್ರ ಅಡ್ಡಬಿದ್ದರು. "ಎರಡೇ ಬೆರಳಿನಲ್ಲಿ ಸರ್ಕಾರಿ ಕೆಲಸ ನಿಂತಿತು, ಪ್ರಭೂ! ಹಿಂದಿನ ಅರಸರಿಗೆ ಇದಕ್ಕೊಂದು ಉನ್ನತಮಟ್ಟದ ಸಮಿತಿಯೇ ಬೇಕಾಗುತ್ತಿತ್ತು."

"ಎಲ್ಲೂ ಹೋಗಿಲ್ಲ ಮಹಾಸ್ವಾಮಿ, ಹಿಂದೆ ನಿಂತಿದೆ ಅಷ್ಟೇ," ಎಂದಳು ಮಂದಾರವಲ್ಲಿ. "ಎಫ್, ಜಿ ಅಂತ ಎರಡಕ್ಷರ ಒತ್ತಿದರೆ ಮುಂದೆ ಬರುತ್ತೆ."

"ಅಂದರೆ ಹಿನ್ನೆಲೆಯಲ್ಲಿ ನಡೀತಾ ಇದೆ?" ಎಂದರು ಮಂತ್ರಿಗಳು.

"ನಡೀತಾ ಇಲ್ಲ ಸ್ವಾಮಿ. ನಿಂತಿದೆ."

"ಹಿನ್ನೆಲೆಯಲ್ಲಿರೋದನ್ನ ಯಾರಮ್ಮ ನೋಡ್ತಾರೆ?" ಎಂದು ಮಂತ್ರಿಗಳು ನಕ್ಕರು. ಅವಳು ಎಫ್ ಒತ್ತಿದ್ದೇ ತಡ, ಕೀಬೋರ್ಡ್ ಕಸಿದುಕೊಂಡರು. "ಅರಸರು ನಿಲ್ಲಿಸಿದ್ದನ್ನ ಎಬ್ಬಿಸೋದು ರಾಜದ್ರೋಹ!"

ತೂಬಿನ ಕಾಮಗಾರಿ ಹಿನ್ನೆಲೆಯಲ್ಲಿ ಭರದಿಂದ ಸಾಗಿದೆ ಎಂದು ಊರಲ್ಲಿ ಡಂಗುರವಾಯಿತು. ರಾಜನಿಗೆ ರುಚಿ ಹತ್ತಿತು. ರಸ್ತೆ, ಆಸ್ಪತ್ರೆ, ಶಾಲೆ, ಯಾವ ಆಜ್ಞೆ ಪರದೆಗೆ ಬಂದರೂ ಎರಡು ಬೆರಳು ಊರುತ್ತಿದ್ದ.

ಒಂದು ಸಂಜೆ ಮಂದಾರವಲ್ಲಿ ಲಾಗೌಟ್ ಆಗಲು ಹೋದಾಗ ಯಂತ್ರ ತಡೆಯಿತು: 'ನಿಂತ ಕೆಲಸಗಳಿವೆ.'

"ನೋಡಿದಿರಾ, ಯಂತ್ರವೇ ಎಚ್ಚರಿಸುತ್ತಿದೆ," ಎಂದು ಮಂತ್ರಿಗಳು ಗಾಬರಿಯಾದರು. "ನಾವು ಕಣ್ಣು ಮಿಟುಕಿಸಿದರೆ ಇವು ಶುರುವಾಗಿಬಿಡುತ್ತವೆ!"

ವಿಲಂಬಸೇನನಿಗೆ 'ಸಕಲಕಾರ್ಯಸ್ತಂಭಕ' ಎಂಬ ಬಿರುದಿನೊಡನೆ ಎರಡನೆಯ ಪಟ್ಟಾಭಿಷೇಕವಾಯಿತು. ನಿಂತ ಕೆಲಸಗಳು ಅಪ್ಪಿತಪ್ಪಿಯೂ ಶುರುವಾಗದಂತೆ ಮನೆಗೊಬ್ಬರು ಬಿಟ್ಟಿ ಕಾವಲು ಕಾಯಬೇಕೆಂದು ಸುಗ್ರೀವಾಜ್ಞೆ ಹೊರಟಿತು. ಮಂದಾರವಲ್ಲಿಯ ಅಮ್ಮನ ಪಾಲಿಗೆ ತೂಬು ಬಂತು. ತುಂಬಿದ ಕೆರೆಗೆ ಬೆನ್ನು ಹಾಕಿ, ಒಣಗಿದ ತುಟಿ ಸವರಿಕೊಳ್ಳುತ್ತ, ನೀರು ಹೊರಗೆ ಬಾರದಂತೆ ಆಕೆ ಕಾದಳು.