ಅತ್ತೆಯವರಿಂದ ದೂರವಿಡಿ

ನಾನು ಬೇಡವೆಂದರೂ ತಿಂಗಳಿಗೆ ನಾಲ್ಕು ಸಲವಾದರೂ ನನ್ನ ಎದೆ ಧಸಕ್ಕೆನ್ನುತ್ತದೆ. ಡಾಕ್ಟರರು ಹೃದಯ ಗಟ್ಟಿಯಾಗಿದೆ ಎನ್ನುತ್ತಾರೆ. ಅವರಿಗೇನು, ಅವರು ನನ್ನ ಗೆಳತಿಯರ ಜೊತೆ ಬದುಕುತ್ತಿಲ್ಲವಲ್ಲ!

ಇರುವುದು ಇಬ್ಬರೇ ಗೆಳತಿಯರು. ಒಬ್ಬಳು ಕುಂದಾಪುರದ ಕಡೆಯವಳು, ಅಹಮದಾಬಾದಿನಲ್ಲಿ ನನ್ನ ಜೊತೆ ಒಂದೇ ಫ್ಲ್ಯಾಟಿನಲ್ಲಿದ್ದಾಳೆ. ಇನ್ನೊಬ್ಬಳು ಮೈಸೂರಿನವಳು, ಈಗ ಬರೋಡಾದಲ್ಲಿ ಕೆಲಸ. ನಾನು ಧಾರವಾಡದವಳು, ಅಹಮದಾಬಾದಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಸೂರತ್ತಿನಲ್ಲಿ ಸೀರೆ ಪ್ರಿಂಟ್ ಮಾಡುವವರಿಗೆ ನಾವು ಬಣ್ಣ ಕೊಡುತ್ತೇವೆ. ಹಾಗೆ ಬಣ್ಣ ಹೊಂದಿಸಲು ಬಂದಿದ್ದ ಸೂರತ್ತಿನ ಅಡಾಜಣ್ ಬಡಾವಣೆಯ ಒಬ್ಬ ಹುಡುಗ, ನನಗೆ ಊಟದ ಡಬ್ಬಿ ಕೊಡಲು ಬಂದಿದ್ದ ಕುಂದಾಪುರದವಳನ್ನು ನೋಡಿದ. ಬಣ್ಣ ಹೊಂದಲು ಎರಡು ತಿಂಗಳು ಬೇಕಾಯಿತು, ಅವರಿಬ್ಬರಿಗೆ ಎರಡು ವಾರ ಸಾಕಾಯಿತು.

ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಇವಳು ಮೊದಲ ಸಲ ಅವನ ಮನೆಗೆ ಹೋದಾಗ ಭಾವೀ ಅತ್ತೆ, "ಬೇಟಾ, ನಿಮ್ಮಲ್ಲೂ ಶುದ್ಧ ಸಸ್ಯಾಹಾರ ತಾನೇ?" ಎಂದು ಕೇಳಿದರಂತೆ. ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯದ ಇವಳು, ಹೆದರಿಕೆಗೆ ತಲೆಯಾಡಿಸಿಬಿಟ್ಟಳು. ಆ ಮನೆಯ ಮಾವನವರೋ, ಪಕ್ಕದ ಮನೆಯಿಂದ ಈರುಳ್ಳಿ ವಾಸನೆ ಬಂದರೂ ಕಿಟಕಿ ಮುಚ್ಚುವವರು. ಅತ್ತೆ ವರ್ಷಕ್ಕೊಮ್ಮೆ ಗೆಳತಿಯರ ಜೊತೆ ಎರಡು ದಿನ ಯಾತ್ರೆಗೆ ಹೋಗುವಷ್ಟು ದೈವಭಕ್ತೆ. ಹುಡುಗನಿಗೆ ವಿಷಯ ಗೊತ್ತು. "ಅಮ್ಮನಿಗೆ ನಿಧಾನಕ್ಕೆ ಹೇಳೋಣ" ಎನ್ನುತ್ತಾನೆ. ಅವನ ನಿಧಾನಕ್ಕೆ ಆಗಲೇ ಎರಡು ವರ್ಷವಾಗಿತ್ತು.

ಮದುವೆಗೆ ಮೂರು ವಾರವಿದ್ದಾಗ ಬರೋಡಾದವಳು ಬ್ಯಾಚಲರೆಟ್ ಪಾರ್ಟಿಯ ಮಾತೆತ್ತಿದಳು. ಮದುವೆಗೆ ಮೊದಲು ಹುಡುಗಿಯರಷ್ಟೇ ಎಲ್ಲಾದರೂ ಹೋಗಿ ಮಜಾ ಮಾಡುವುದು. ಮದುಮಗಳು ಒಂದೇ ಷರತ್ತು ಹಾಕಿದಳು.

"ನಂಗೆ ಕೇಕ್ ಬೇಡ, ಕಿರೀಟ ಬೇಡ. ಎರಡು ದಿನ ಕಾಡಲ್ಲಿ ಕೂತ್ಕಂಡು ಹೊಟ್ಟೆ ತುಂಬ ಬಂಗುಡೆ ಮೀನು ತಿನ್ಬೇಕು ಮಾರಾಯ್ತಿ. ಮತ್ತೆ ಜನ್ಮದಲ್ಲಿ ಉಂಟಾ ಇಲ್ವಾ ಯಾರಿಗೆ ಗೊತ್ತು?"

ಹೇಳುತ್ತಾ ಹೇಳುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಅತ್ತೆಗೆ ಸುಳ್ಳು ಗೊತ್ತಾದರೆ ಮದುವೆ ನಿಂತೀತೆಂಬ ಭಯ ಅವಳಿಗೆ ದಿನವೂ ಇತ್ತು. ವ್ಯವಸ್ಥೆಯೆಲ್ಲ ನನ್ನದು ಎಂದು ಮಾತು ಕೊಟ್ಟೆ.

ದೊಡ್ಡವರು ಯಾರು?

ಸೂರತ್ತಿನಾಚೆ, ಡಾಂಗ್ ಕಾಡಿನ ಒಂದು ರಿಸಾರ್ಟಿಗೆ ಫೋನ್ ಮಾಡಿದೆ. ಮ್ಯಾನೇಜರ್ ಬಹಳ ವಿನಯವಂತ, ಮಾತುಮಾತಿಗೂ ಬೆನ್, ಅಂದರೆ ಅಕ್ಕಾ, ಎನ್ನುವವರು.

"ಎಷ್ಟು ಜನ, ಬೆನ್?"

"ಮೂವರು. ಎಲ್ಲ ಹೆಂಗಸರೇ."

"ಜವಾಬ್ದಾರಿ ಯಾರದ್ದು?"

"ನನ್ನದೇ. ನನಗೆ ಮೂವತ್ತೊಂದು ವರ್ಷ."

"ಅದು ಸರಿ ಬೆನ್. ಜೊತೆಗೆ ದೊಡ್ಡವರು ಯಾರು?"

ನಾನು ಕಾರ್ಖಾನೆಯಲ್ಲಿ ಎಂಟು ಜನರಿಗೆ ಮೇಲಧಿಕಾರಿ. ಅದನ್ನು ಹೇಳಿದೆ. ಅವರು, "ಒಳ್ಳೆಯದು ಬೆನ್. ಅವರಲ್ಲಿ ಯಾರಾದರೂ ದೊಡ್ಡವರು ಬರುತ್ತಾರಾ?" ಎಂದರು.

ಕೊನೆಗೆ ದನಿ ತಗ್ಗಿಸಿ ಮೀನಿನ ಮಾತು ತೆಗೆದೆ. ಫೋನ್ ಇಟ್ಟೇಬಿಡುತ್ತಾರೆ ಎಂದುಕೊಂಡಿದ್ದೆ. ಅವರೂ ದನಿ ತಗ್ಗಿಸಿದರು.

"ನೀವೇ ತಂದರೆ ಮಾಡಿಕೊಡುತ್ತೇವೆ. ಹಿಂದುಗಡೆ ಬೇರೆ ಅಡುಗೆಮನೆ ಇದೆ. ವರ್ಷವರ್ಷ ಬರುವ ಒಂದು ಹೆಂಗಸರ ಗುಂಪಿಗಾಗಿ ಬೇರೆ ಬಾಣಲೆಯನ್ನೇ ಇಟ್ಟಿದ್ದೇನೆ."

"ಅವರ ಜೊತೆ ದೊಡ್ಡವರು ಬರುತ್ತಾರಾ?" ಎಂದು ಕೇಳಿದೆ.

"ಅವರೇ ದೊಡ್ಡವರು, ಬೆನ್. ಅವರು ಬಂದರೆ ಹೆದರಿಕೆ ನಮಗೆ."

ಅಡವಿಗ್ಯಾಕ?

ಊರಲ್ಲಿರುವ ಅವ್ವನಿಗೆ ಹೇಳದೆ ಹೋಗುವಂತಿಲ್ಲ. ಹೇಳಿದೆ.

"ಮದುವಿ ಹುಡುಗೀನ್ನ ಹೊಸ್ತಿಲಾ ದಾಟಸಬಾರದು ಅಂತಾರ. ನೀವು ಅಡವಿಗೆ ಕರಕೊಂಡು ಹೊಂಟೀರಿ?"

"ಇನ್ನೂ ಅರಿಷಿಣಾ ಹಚ್ಚಿಲ್ಲಬೇ. ಮೂರು ವಾರ ಅದ."

"ಅಲ್ಲೆ ಹೋಗಿ ಏನ್ ಮಾಡ್ತೀರಿ?"

"ಏನಿಲ್ಲ. ಸುಮ್ನ ಕುಂದರ್ತೀವಿ."

"ಸುಮ್ನ ಕುಂದರಾಕ ಮನ್ಯಾಗ ಜಾಗಾ ಇಲ್ಲೇನು?"

ಅರ್ಧ ಗಂಟೆ ಬಿಟ್ಟು ಅವ್ವನೇ ಮತ್ತೆ ಫೋನ್ ಮಾಡಿದಳು. "ಹೋಗೂದಾದ್ರ ಹೋಗ್ರಿ. ಆದ್ರ ಆ ಹುಡುಗಿಗೆ ಬೇಕಾದ್ದು ಹೊಟ್ಟಿ ತುಂಬ ತಿನಸ್ರಿ. ಗಂಡನ ಮನ್ಯಾಗ ಮೊದಲನೇ ವರ್ಷ ನಾಚಿಕಿಗೇ ಹೊಟ್ಟಿ ತುಂಬಂಗಿಲ್ಲ" ಎಂದಳು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಬೇಕಾದ್ದು ಏನೆಂದು ಅವ್ವ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗಾಗಿ ಇಬ್ಬರ ಹೃದಯವೂ ಉಳಿಯಿತು.

ಬರೋಡಾದ ಡ್ಯಾನ್ಸರ್

ಬರೋಡಾದವಳು ಇಂಥ ಪಾರ್ಟಿಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿಕೊಂಡಿದ್ದಳು. ಒಂದು ದಿನ ಫೋನ್ ಮಾಡಿ, "ಎಲ್ಲಾ ಫಿಕ್ಸ್ ಆಯ್ತು ಕಣೇ. ಒಬ್ಬ ಡ್ಯಾನ್ಸರ್‌ನ ಬುಕ್ ಮಾಡ್ಬಿಟ್ಟಿದೀನಿ. ಗಂಡಸು" ಎಂದಳು.

ನನ್ನ ಕೈಯಲ್ಲಿದ್ದ ಗಾಜಿನ ಕೊಳವೆ ಜಾರಿ ಬಿತ್ತು. ಗಂಡಸು! ಡ್ಯಾನ್ಸರ್! ಅದೂ ದೊಡ್ಡವರು ಯಾರೆಂದು ಕೇಳುವ ರಿಸಾರ್ಟಿಗೆ! ಆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ರೈಲು ಹತ್ತಿ ಬರೋಡಾಕ್ಕೆ ಹೋದೆ, ಬುಕಿಂಗ್ ರದ್ದು ಮಾಡಿಸಲಿಕ್ಕೆ.

ಅವಳನ್ನೂ ಕರೆದುಕೊಂಡು ಡ್ಯಾನ್ಸರನ ಮನೆಗೆ ಹೋದರೆ, ಬಾಗಿಲು ತೆರೆದವರು ಅರವತ್ತು ದಾಟಿದ ಒಬ್ಬ ಹಿರಿಯರು. ಬಿಳೀ ಪೈಜಾಮ, ಹಣೆಯಲ್ಲಿ ಕುಂಕುಮ. ನಲವತ್ತು ವರ್ಷದಿಂದ ಗರ್ಬಾ ನೃತ್ಯ ಕಲಿಸುತ್ತಿದ್ದಾರಂತೆ. ಬರೋಡಾದಲ್ಲಿ ಡ್ಯಾನ್ಸರ್ ಬೇಕು ಎಂದರೆ ಜನ ಇನ್ಯಾರ ವಿಳಾಸ ಕೊಡುತ್ತಾರೆ? ನಮ್ಮನ್ನು ಕೂರಿಸಿ ನೀರು ಕೊಟ್ಟು, ಮದುಮಗಳಿಗೆ ಎಷ್ಟು ವರ್ಷದ ಅಭ್ಯಾಸವಿದೆ ಎಂದು ವಿಚಾರಿಸಿದರು. ಅಭ್ಯಾಸವೇ ಇಲ್ಲ ಎಂದಾಗ ಅವರ ಮುಖ ನೋಡಬೇಕಿತ್ತು.

"ಎರಡೇ ದಿನ? ಆಗುವುದಿಲ್ಲ ಬೆನ್" ಎಂದು ಬುಕಿಂಗನ್ನು ಅವರೇ ರದ್ದು ಮಾಡಿದರು.

ಎರಡು ಡಬ್ಬಿ

ಉಳಿದದ್ದು ಬಂಗುಡೆ. ಮಾಂಸದ ಅಂಗಡಿಯ ಮುಂದೆ ರಸ್ತೆ ದಾಟಿ ಆಚೆ ಬದಿ ನಡೆಯುವ ನಾನು, ಗೆಳತಿಗಾಗಿ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಮೀನು ಮಾರ್ಕೆಟ್ಟಿಗೆ ಹೋದೆ. ಶುಕ್ರವಾರ ಸಂಜೆ ಎರಡು ಕಿಲೋ ಬಂಗುಡೆ ತಂದೆ. ಫ್ಲ್ಯಾಟಿನೊಳಗೆ ಒಯ್ಯುವಂತಿಲ್ಲ, ನಮ್ಮ ಸೊಸೈಟಿಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಬಣ್ಣದ ಸ್ಯಾಂಪಲ್ ಕಳಿಸುವ ಬಿಳೀ ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ, ಮೀನು ಇಟ್ಟು, ಟೇಪು ಸುತ್ತಿ ಲ್ಯಾಬಿನಲ್ಲೇ ಇಟ್ಟೆ.

ಅಲ್ಲಿಗೇ ಬಿಡಬೇಕಿತ್ತು. ಆದರೆ ಎಂಟು ವರ್ಷದ ಅಭ್ಯಾಸ ನೋಡಿ, ಲೇಬಲ್ ಇಲ್ಲದ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ರಿಸಾರ್ಟಿನ ಅಡುಗೆಯವರಿಗೂ ಅರ್ಥವಾಗಲೆಂದು ಹಿಂದಿಯಲ್ಲಿ, ಅಚ್ಚುಕಟ್ಟಾಗಿ ಬರೆದು ಅಂಟಿಸಿದೆ. ಸ್ಯಾಂಪಲ್: ಬಂಗುಡೆ ಮೀನು, ಎರಡು ಕಿಲೋ. ಯಾರಿಗೆ: ಮದುಮಗಳಿಗೆ. ಅದರ ಮುಂದೆ ಅವಳ ಪೂರ್ತಿ ಹೆಸರು. ಎಲ್ಲಿಗೆ: ರಿಸಾರ್ಟಿನ ಹೆಸರು, ಹಿಂದಿನ ಅಡುಗೆಮನೆ. ಕೊನೆಗೆ ಎಚ್ಚರಿಕೆ ಎಂಬ ಸಾಲು ಖಾಲಿ ಉಳಿಯಿತು. ಅವಳು ನೋಡಿ ನಗಲಿ ಎಂದು ಬರೆದೆ: ಮಂಜಿನಲ್ಲಿಡಿ. ಅತ್ತೆಯವರಿಂದ ದೂರವಿಡಿ.

ಶನಿವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ಡಬ್ಬಿ ಎತ್ತಿಕೊಂಡು ಕಾರಿಗೆ ಹಾಕಿದೆ. ಮದುಮಗಳು ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಬರೋಡಾದಲ್ಲಿ ಇನ್ನೊಬ್ಬಳನ್ನು ಹತ್ತಿಸಿಕೊಂಡು, ಹಾಡು ಹೇಳುತ್ತಾ ಮಧ್ಯಾಹ್ನ ಕಾಡು ಸೇರಿದೆವು. ಮ್ಯಾನೇಜರ್ ಎದುರಿಗೇ ಮುಚ್ಚಳ ತೆಗೆದೆ.

ಒಳಗೆ ಹನ್ನೆರಡು ಬಾಟಲಿ ಬಣ್ಣ. ಟೊಮೆಟೊ ಕೆಂಪು.

ಮದುಮಗಳು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. "ಇದನ್ನು ಎಂತ, ಫ್ರೈ ಮಾಡುದಾ ಮಾರಾಯ್ತಿ?"

ಲ್ಯಾಬಿನಲ್ಲಿ ಒಂದೇ ಥರದ ಎರಡು ಡಬ್ಬಿ ಪಕ್ಕಪಕ್ಕದಲ್ಲಿದ್ದವು. ಲೇಬಲ್ ಬರೆದ ಶಿಸ್ತಿನವಳು, ಎತ್ತಿಕೊಳ್ಳುವಾಗ ಓದಿರಲಿಲ್ಲ. ಇನ್ನೊಂದು ಡಬ್ಬಿ ಬೆಳಿಗ್ಗೆಯೇ ನಮ್ಮ ಕಾರ್ಖಾನೆಯ ವ್ಯಾನಿನಲ್ಲಿ ಸೂರತ್ತಿಗೆ ಹೋಗಬೇಕಿತ್ತು. ಯಾರಿಗೆ? ಮದುಮಗನ ಮನೆಯವರ ಪ್ರಿಂಟಿಂಗ್ ಯೂನಿಟ್ಟಿಗೆ! ಶನಿವಾರ ಅಲ್ಲಿ ಬಣ್ಣದ ಸ್ಯಾಂಪಲ್ ನೋಡುವವರು ಸ್ವತಃ ಅತ್ತೆ.

ಡ್ರೈವರಿಗೆ ಫೋನ್ ಮಾಡಿದೆ.

"ಡಬ್ಬಿ ತಲುಪಿಸಿದಿರಾ?"

"ಹಾಂ ಬೆನ್, ಶೇಠಾಣಿಯವರ ಕೈಗೇ ಕೊಟ್ಟೆ."

"ಏನಾದರೂ ಅಂದರಾ?"

"ಏನೂ ಅನ್ನಲಿಲ್ಲ. ಆದರೆ ಲೇಬಲ್ಲನ್ನು ಬಹಳ ಹೊತ್ತು ಓದಿದರು."

ಬಿಳೀ ಕಾರು

ಮದುಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಹೊರಗಿನ ಕಟ್ಟೆಯ ಮೇಲೆ ಕೂತು, "ನಾನು ಅವತ್ತೇ ಹೇಳ್ಬೇಕಿತ್ತು. ಮೀನು ತಿಂದದ್ದು ತಪ್ಪಲ್ಲ, ತಲೆ ಆಡ್ಸಿದ್ದು ತಪ್ಪು" ಎಂದಳು. ಮದುಮಗನಿಗೆ ಫೋನ್ ಮಾಡಿದರೆ, "ಅಮ್ಮ ಏನೂ ಹೇಳದೆ ಕಾರು ಹತ್ತಿ ಹೋದರು" ಎಂದ. ಬರೋಡಾದವಳು ಮೆಲ್ಲಗೆ, "ನಾವು ಓಡಿಹೋಗೋಣ್ವಾ?" ಎಂದು ಕೇಳಿದಳು. ಸುತ್ತಲೂ ಕಾಡಿತ್ತು, ಓಡಲು ಜಾಗಕ್ಕೇನೂ ಕಡಿಮೆಯಿರಲಿಲ್ಲ.

ನಾಲ್ಕು ಗಂಟೆಗೆ ಬಿಳೀ ಕಾರೊಂದು ಗೇಟಿನೊಳಗೆ ಬಂತು. ಅತ್ತೆ ಇಳಿದರು. ಕೈಯಲ್ಲಿ ನನ್ನ ಥರ್ಮಾಕೋಲ್ ಡಬ್ಬಿ. ನಾವು ಮೂವರೂ ಎದ್ದು ನಿಂತೆವು.

ಅವರು ನಮ್ಮತ್ತ ತಿರುಗುವ ಮೊದಲೇ ಮ್ಯಾನೇಜರ್ ಓಡಿ ಬಂದು ಕೈಮುಗಿದರು.

"ಬೆನ್! ಈ ಸಲ ಇಷ್ಟು ಬೇಗ? ಗುಂಪಿನವರೆಲ್ಲ ಎಲ್ಲಿ? ನಿಮ್ಮ ಬಾಣಲೆ ಇನ್ನೂ ತೊಳೆದಿಲ್ಲ!"

ಅತ್ತೆಯ ಮುಖ ನಮ್ಮ ಟೊಮೆಟೊ ಕೆಂಪಿಗೆ ಸರಿಯಾಗಿ ಹೊಂದುತ್ತಿತ್ತು.

ವರ್ಷವರ್ಷದ ಯಾತ್ರೆ ಎಲ್ಲಿಗೆಂದು ಆಗ ತಿಳಿಯಿತು. ಅತ್ತೆ ಕಟ್ಟೆಯ ಮೇಲೆ ಕೂತು, ಸೊಸೆಯಾಗುವವಳನ್ನು ಪಕ್ಕಕ್ಕೆ ಕರೆದರು.

"ನನ್ನ ತವರು ವಲ್ಸಾಡ್ ಕಡೆ, ಸಮುದ್ರದ ದಂಡೆ. ಮದುವೆಯಾಗಿ ಬಂದಾಗ ನನ್ನ ಅತ್ತೆಯೂ ಇದೇ ಪ್ರಶ್ನೆ ಕೇಳಿದ್ದರು ಬೇಟಾ. ನಾನೂ ಹೀಗೇ ತಲೆಯಾಡಿಸಿದ್ದೆ. ಅವತ್ತು ನಿನ್ನ ತಲೆ ಆಡಿದ್ದು ನೋಡಿಯೇ ನನಗೆ ಅನುಮಾನ ಬಂದಿತ್ತು. ನೀನು ಹೇಳಲಿ ಎಂದು ನಾನು, ನಾನು ಕೇಳಲಿ ಎಂದು ನೀನು!"

ಈಗ ಮದುಮಗಳು ಅತ್ತಳು. ಅತ್ತೆಯೂ ಅತ್ತರು. ಬರೋಡಾದವಳು ಯಾರ ಹಿಂದೆಯೂ ಉಳಿಯುವವಳಲ್ಲ, ಅವಳೂ ಅತ್ತಳು. ಮ್ಯಾನೇಜರ್ ಮಾತ್ರ ನನ್ನ ಹತ್ತಿರ ಬಂದು, "ನೋಡಿ ಬೆನ್, ದೊಡ್ಡವರು ಬಂದರಲ್ಲ, ಈಗ ಸರಿಯಾಯಿತು" ಎಂದರು.

ಕಣ್ಣೊರೆಸಿಕೊಂಡ ಅತ್ತೆ ಡಬ್ಬಿಯನ್ನು ನನ್ನ ಕೈಗಿತ್ತರು. ಮೊದಲಿಗಿಂತ ಭಾರವಾಗಿತ್ತು. ದಾರಿಯಲ್ಲಿ ಹೊಸ ಮಂಜುಗಡ್ಡೆ ತುಂಬಿಸಿ, ಎರಡು ಕಿಲೋ ಯಾರಿಗೂ ಸಾಲದೆಂದು ಪಾಪ್ಲೆಟ್ ಮೀನನ್ನೂ ಕೊಂಡು ಹಾಕಿದ್ದರು. ನಾನು ತಲೆ ತಗ್ಗಿಸಿ ಲೇಬಲ್ ನೋಡಿದೆ. ಬಣ್ಣಕ್ಕೆ ಗುರುತು ಹಾಕುವ ಕೆಂಪು ಪೆನ್ಸಿಲ್ಲಿನಿಂದ ಎಚ್ಚರಿಕೆಯ ಸಾಲಿನಲ್ಲಿ 'ಅತ್ತೆಯವರಿಂದ' ಎಂಬುದನ್ನು ನೀಟಾಗಿ ಹೊಡೆದು, ಮೇಲೆ 'ಮಾವನವರಿಂದ' ಎಂದು ಬರೆದಿದ್ದರು. ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿಯೂ ಇತ್ತು, ತಾರೀಖೂ ಇತ್ತು.