ಮ್ಯಾಟಿನಿಯಲ್ಲಿ ಬಿದ್ದ ಅಣುಬಾಂಬು

ನಮ್ಮ ಮಗ್ಗದೂರು ಇಚಲಕರಂಜಿಯ ಮೇಲೆ ಅಣುಬಾಂಬು ಇನ್ನೂ ಬಿದ್ದಿಲ್ಲ. ನನ್ನ ಗೆಳೆಯನ ಟಾಕೀಸಿನಲ್ಲಿ ಮಾತ್ರ ಆಗಾಗ ಬೀಳುತ್ತಲೇ ಇರುತ್ತದೆ. ಜಗತ್ತು ಬೂದಿಯಾಗುವುದನ್ನು ತೋರಿಸಿ ನಗಿಸುವ ಪರದೇಶದ ಸಿನಿಮಾ ಎಂದರೆ ಅವನಿಗೆ ಪ್ರಾಣ. ನಾನು ನೂಲಿನ ವ್ಯಾಪಾರಿ. ನನಗೆ ಪ್ರಾಣ ಅವನ ಟಾಕೀಸಿನ ಜಾಗ. ಸೋರದ ಮಾಳಿಗೆ, ಲಾರಿ ಹೊಗುವಷ್ಟು ಅಗಲದ ಬಾಗಿಲು. ಅಂಥ ಗೋಡೌನು ಊರಲ್ಲಿ ಇನ್ನೊಂದಿಲ್ಲ. ಈ ಎಳೆದಾಟದಿಂದಲೇ ಎಲ್ಲ ಫಜೀತಿ.

೧. ಐದರ ಗಾಡಿ

ಅವನಿಗೆ ಈ ಹುಚ್ಚು ಹತ್ತಿದ್ದು ಕೊಲ್ಹಾಪುರದಲ್ಲಿ. ಆಗ ಇಬ್ಬರಿಗೂ ಮೀಸೆ ಹೊಸದು. ನೂಲಿನ ಸ್ಯಾಂಪಲ್ ತೋರಿಸಲು ಹೋದ ನನ್ನನ್ನು ಸಿನಿಮಾ ಕ್ಲಬ್ಬೊಂದಕ್ಕೆ ಎಳೆದೊಯ್ದ. ತೆರೆಯ ಮೇಲೆ ಬಾಂಬಿನ ಗುಂಡಿ ಒತ್ತಲು ಇಬ್ಬರು ಸಾಹೇಬರ ಸಹಿ ಬೇಕು. ಒಬ್ಬ ಸಾಹೇಬ ರಜೆಯ ಮೇಲೆ. ಕಾಯ್ದು ಬೇಸತ್ತ ಜವಾನನೇ ಒತ್ತಿಬಿಟ್ಟ! ಸುತ್ತಲಿನ ಶಾಣ್ಯಾ ಮಂದಿ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತಿದ್ದ ಪ್ರೊಫೆಸರರೊಬ್ಬರನ್ನು ಏನಾಯಿತೆಂದು ಕೇಳಿದೆ: “ಕಾಯ್ ಝಾಲಂ ಸರ್?”

“ಜಗತ್ತು ಮುಗೀತ್ರಿ!” ಎಂದರು, ನನ್ನ ಮರಾಠಿಗೆ ಕನ್ನಡದಲ್ಲೇ, ಕಣ್ಣೊರೆಸಿಕೊಳ್ಳುತ್ತ.

“ಹೌದ್ರಿ? ಮತ್ತ ಇಚಲಕರಂಜಿಯ ಐದರ ಗಾಡಿ?”

ಪ್ರೊಫೆಸರರ ನಗು ನಿಂತಿತು. ಅವರದೂ ಅದೇ ಗಾಡಿ. ಇಬ್ಬರೂ ಓಡಿದೆವು.

೨. ರೊಟ್ಟಿ ಬಡಿಯುವವರು

ಮುಂದೆ ಅಪ್ಪನ ಟಾಕೀಸು ಇವನ ಕೈಗೆ ಬಂತು. ಅಂಥ ಸಿನಿಮಾ ತರಿಸಿ, ತಾನೇ ಮೈಕು ಹಿಡಿದು ಕನ್ನಡದಲ್ಲಿ ವಿವರಿಸುತ್ತಿದ್ದ. ಒಮ್ಮೆ ಗಡಹಿಂಗ್ಲಜ ಕಡೆಯ ನೂಲ ಎಂಬ ಹಳ್ಳಿಯಿಂದ ಅವನ ಅತ್ತೆ ಬಂದಿದ್ದರು. ತೆರೆಯ ಮೇಲೆ ಮಂತ್ರಿಗಳೆಲ್ಲ ಬಾಂಬಿಗೆ ಹೆದರಿ ನೆಲಮಾಳಿಗೆಗೆ ಇಳಿಯುತ್ತಿದ್ದರು.

“ಎಷ್ಟು ದಿನ ಒಳಗ ಇರ್ತಾರ, ಅಳ್ಯಾರ?”

“ಹತ್ತು ವರ್ಷ, ಅತ್ತಿ.”

“ಬರೇ ಗಂಡಸರೇ ಹೊಂಟಾರಲ್ರೀ. ರೊಟ್ಟಿ ಬಡಿಯಾವ್ರು ಯಾರು?”

ಅತ್ತೆ ಹೆಂಗಸರ ಕಡೆ ತಿರುಗಿ ಧೈರ್ಯ ಹೇಳಿದರು: “ಹೆದರಬ್ಯಾಡ್ರವಾ. ಸಂಜಿಗೆ ತಾವೇ ಬಾಗಲಾ ಬಡೀತಾರ.”

೩. ಕಡೆಯ ಮ್ಯಾಟಿನಿ

ಮೊಬೈಲು ಬಂದು ಎಲ್ಲರ ಕಿಸೆಯಲ್ಲೂ ಒಂದೊಂದು ಟಾಕೀಸು ತೆರೆಯಿತು. ಹೋದ ವರ್ಷ ಗೆಳೆಯ ನನ್ನ ಅಂಗಡಿಗೆ ಬಂದು ಕೂತ.

“ಸಾವಕಾರ, ಕಡೀಕ ಒಂದು ಮ್ಯಾಟಿನಿ ಹಾಕ್ತೇನಿ. ಒಬ್ಬರೇ ಒಬ್ಬರು ಹೊಟ್ಟಿ ಹಿಡಕೊಂಡು ನಕ್ಕರೂ ಟಾಕೀಸು ನಡಸ್ತೇನಿ. ಯಾರೂ ನಗಲಿಲ್ಲಂದ್ರ ಚಾವಿ ನಿಂದು.”

ನಾನು ಮನಸ್ಸಿನಲ್ಲೇ ನೂಲಿನ ಚೀಲ ಪೇರಿಸತೊಡಗಿದೆ. ಯಾಕೆಂದರೆ ಮ್ಯಾಟಿನಿಗೆ ಬರುವವರು ರಾತ್ರಿಪಾಳಿಯ ಕರೆಂಟ್ ಮಗ್ಗದವರು. ಫ್ಯಾನಿನ ಕೆಳಗೆ ಮಲಗಲು ಬರುತ್ತಾರೆ. ಅಂದೂ ವಿಮಾನ, ಫಿರಂಗಿ, ಸೇನಾಧಿಪತಿಗಳ ಬೈದಾಟದ ನಡುವೆ ಎಲ್ಲರೂ ಗೊರಕೆ ಹೊಡೆದರು. ಮಗ್ಗದ ಖಟಖಟ ಸದ್ದಿನಲ್ಲೇ ಹುಟ್ಟಿ ಬೆಳೆದವರು.

ಕಡೆಗೆ ಬಾಂಬು ಬಿತ್ತು. ತೆರೆ ಕಪ್ಪಾಯಿತು. ಗಪ್‌ಚಿಪ್.

ನಮ್ಮೂರಲ್ಲಿ ಸದ್ದು ನಿಂತರೆ ಅರ್ಥ ಒಂದೇ: ಕರೆಂಟ್ ಹೋಯಿತು. ಆಗ ಮಗ್ಗದ ಹ್ಯಾಂಡಲ್ ಎಳೆದಿಡಬೇಕು. ಇಲ್ಲದಿದ್ದರೆ ಕರೆಂಟ್ ಬಂದೊಡನೆ ಎಳೆಗಳು ಹರಿಯುತ್ತವೆ. ಇಡೀ ಟಾಕೀಸು ಒಮ್ಮೆಲೇ ಎದ್ದು, “ಹ್ಯಾಂಡಲ್ ಎಳೀರಲೇ!” ಎಂದು ಕತ್ತಲಲ್ಲಿ ಕೈ ಚಾಚಿತು. ಕೆಲವರಿಗೆ ಕುರ್ಚಿ ಸಿಕ್ಕಿತು, ಕೆಲವರಿಗೆ ಮುಂದಿನವರ ಕಾಲರು. ಪಕ್ಕದವನಿಗೆ ನನ್ನ ಕಿವಿ ಸಿಕ್ಕಿತು. ರೂಢಿಯ ಕೈ, ಪೂರ್ತಿ ಹಿಂದಕ್ಕೆಳೆದು, ಮಗ್ಗ ನಿಂತಿತೋ ಇಲ್ಲವೋ ಎಂದು ಅಲುಗಾಡಿಸಿಯೂ ನೋಡಿದ.

ಲೈಟು ಹತ್ತಿತು. ಗೆಳೆಯ ಎದುರಿಗೇ ನಿಂತಿದ್ದ. ನಾನು ಒಂದು ಕೈ ಚಾಚಿದೆ: “ಚಾವಿ ಕೊಡು.”

“ಕೊಡ್ತೇನಿ. ಮೊದಲ ಹೊಟ್ಟಿ ಮ್ಯಾಲಿನ ಕೈ ತಗಿ, ಕಣ್ಣೀರು ಒರಸ್ಕೋ.”

ನನ್ನ ನೂಲಿನ ಚೀಲಗಳು ಇಂದಿಗೂ ಪಕ್ಕದ ಯಡ್ರಾವದ ಸೋರುವ ಶೆಡ್ಡಿನಲ್ಲಿವೆ. ಇಡೀ ಇಚಲಕರಂಜಿಯಲ್ಲಿ ಅಣುಬಾಂಬಿನಿಂದ ಲುಕ್ಸಾನಾದದ್ದು ನನಗೊಬ್ಬನಿಗೇ.