ನೆಮ್ಮದಿಗೆ ಹತ್ತಕ್ಕೆ ಎಂಟು

ಜೀವನದಲ್ಲಿ ಮರ್ಯಾದೆ ಬೇಕಿದ್ದರೆ ಮೊದಲು ಚೆನ್ನಾಗಿ ಕುಡಿಯಬೇಕು, ಆಮೇಲೆ ಬಿಡಬೇಕು. ನಮ್ಮ ಷಡ್ಕನನ್ನು ನೋಡಿ ನಾನು ಕಲಿತ ನೀತಿ ಇದು. ನನ್ನ ಹೆಂಡತಿಯ ತಂಗಿಯ ಗಂಡ ಈ ಮಹಾಶಯ. ಅಜ್ಜಂಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೊದಲೆಲ್ಲ ಸಂಜೆಯಾದರೆ ಯಾವ ಮೋರಿಯ ಪಕ್ಕ ಮಲಗಿದ್ದಾನೆಂದು ಹುಡುಕಬೇಕಿತ್ತು. ತರೀಕೆರೆಯ ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಿ ಬಂದದ್ದೇ ಬಂದದ್ದು, ಈಗ ಎಲ್ಲರಿಗೂ ಮುದ್ದಿನ ಅಳಿಯ! ನಾನೋ, ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ. ಶಭಾಷ್ ಅಂದವರು ಒಬ್ಬರಾದರೂ ಇದ್ದಾರೆಯೇ?

ಯಗಟಿಯ ಅತ್ತೆ ಮನೆಗೆ ಇಬ್ಬರೂ ಒಟ್ಟಿಗೆ ಹೋದರಂತೂ ನನ್ನ ಹೊಟ್ಟೆಯಲ್ಲಿ ಬೆಂಕಿ. ಅವನ ಹೋಳಿಗೆ ತುಪ್ಪದಲ್ಲಿ ಮುಳುಗಿರುತ್ತದೆ. ನನ್ನ ಎಲೆಯ ಹತ್ತಿರ ತುಪ್ಪದ ಮಿಳ್ಳೆ ಬಂದು ಮುಖ ತೋರಿಸಿ ಹೋಗುತ್ತದೆ.

‘ಪಾಪ, ಅದ್ನ ಬಿಟ್ಟವ್ರೆ. ತುಪ್ಪನಾದ್ರೂ ತಿನ್ಲಿ’ ಅನ್ನುತ್ತಾರೆ ಅತ್ತೆ.

ಮುಟ್ಟದೇ ಇದ್ದವನಿಗೆ ಬಾಯಿ ಇಲ್ಲವೇ? ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ.

ಇದೂ ಸಾಲದೆಂದು ಕೇಂದ್ರದಿಂದ ಅವನಿಗೆ ತಿಂಗಳಿಗೊಮ್ಮೆ ಫೋನು ಬರುತ್ತದೆ. ಚಿಕಿತ್ಸೆ ಎಷ್ಟರಮಟ್ಟಿಗೆ ಹಿಡಿದಿದೆ ಎಂದು ಅಳೆಯಲು ಅಲ್ಲಿನ ಮೇಡಂ ಪ್ರಶ್ನೆ ಕೇಳುತ್ತಾರೆ. ಈ ತಿಂಗಳು ಎಷ್ಟು ದಿನ ಕುಡಿದಿರಿ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಜಗಳವೇನಾದರೂ ಆಯಿತೇ, ನೆಮ್ಮದಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ? ಬೇರೆಯವರಾದರೆ ಹಿತ್ತಲಿಗೆ ಹೋಗಿ ಪಿಸುಗುಟ್ಟುತ್ತಾರೆ. ಇವನು ಸ್ಪೀಕರ್ ಹಾಕುತ್ತಾನೆ! ಒಮ್ಮೆ ಕಡೂರಿನಿಂದ ಯಗಟಿಗೆ ಹೋಗುವ ಬಸ್ಸಿನಲ್ಲೇ ಫೋನು ಬಂತು. ಒಂದು ದಿನವೂ ಕುಡಿದಿಲ್ಲ, ಜಗಳ ಇಲ್ಲ, ನೆಮ್ಮದಿ ಎಂಟು ಎಂದು ಇಡೀ ಬಸ್ಸಿಗೆ ಸಾರಿದ. ಕುರಿಮರಿ ತಬ್ಬಿಕೊಂಡು ಕೂತಿದ್ದ ಅಜ್ಜನೊಬ್ಬ, ಎಂಟು ಯಾಕೆ, ಒಂಬತ್ತು ಹೇಳು ಎಂದು ಹುರಿದುಂಬಿಸಿದ. ಕಂಡಕ್ಟರ್ ಬಂದು ಕೈ ಕುಲುಕಿದ. ಪಕ್ಕದಲ್ಲಿದ್ದ ನನಗೆ ಸ್ವಲ್ಪ ಸರಿದು ಕೂರಲು ಹೇಳಿದ.

ಮನೆಗೆ ಬಂದವನೇ ಅದೇ ಪರೀಕ್ಷೆಯನ್ನು ನಾನೂ ಬರೆದೆ, ಮನಸ್ಸಿನಲ್ಲೇ. ಕುಡಿತ ಇಲ್ಲ. ಅಲ್ಲಿಗೆ ನನ್ನ ಗೆಲುವು ಮುಗಿಯಿತು. ನಿದ್ದೆ? ಷಡ್ಕನ ತುಪ್ಪ ನೆನಪಾಗಿ ಬರುವುದಿಲ್ಲ. ಜಗಳ? ಅವನ ವಿಷಯಕ್ಕೇ ದಿನವೂ ಉಂಟು. ನೆಮ್ಮದಿಗೆ ಎಷ್ಟು ಕೊಡಬಹುದೆಂದು ಹೆಂಡತಿಯನ್ನೇ ಕೇಳಿದೆ.

‘ನಿಮ್ಗೆ ಮೂರು ಕೊಟ್ರೆ ಜಾಸ್ತಿ ಆಯ್ತು ಕಣ್ರೀ.’

ಕುಡುಕನಿಗೆ ಎಂಟು, ನನಗೆ ಮೂರು! ಇವನು ಒಂದೇ ಒಂದು ಸಲ ಜಾರಿಬಿದ್ದರೆ ಸಾಕಪ್ಪಾ ಎಂದು ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ದೇವರಿಗೂ ಹೇಳಿಕೊಂಡೆ.

ಹೋದ ತಿಂಗಳು ಗೆಳೆಯನೊಬ್ಬನ ಮಣ್ಣಿಗೆ ಹೋದವನು ಕುಡಿದುಬಿಟ್ಟ. ಮಾರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಕಡೂರಿನ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಾನೆ. ಒಳಗೆ ಬಾ ಎಂದರೂ ಬರಲಿಲ್ಲ. ನಡೆದದ್ದನ್ನು ತಲೆ ತಗ್ಗಿಸಿಕೊಂಡೇ ಹೇಳಿದ. ಅಷ್ಟರಲ್ಲಿ ಕೇಂದ್ರದ ಫೋನು ಬಂತು. ಸ್ಪೀಕರ್ ಹಾಕಲಿಲ್ಲ, ಫೋನನ್ನು ನನ್ನ ಕಡೆ ಚಾಚಿದ.

‘ನೀವೇ ಹೇಳಣ್ಣ. ನಂಗೆ ಬಾಯೇ ಬರ್ತಿಲ್ಲ.’

ನಾನು ಕಾದಿದ್ದ ಗಳಿಗೆ ಅಲ್ಲವೇ ಇದು? ಫೋನು ತೆಗೆದುಕೊಂಡೆ. ಬಾಯಿಂದ ಬಂದದ್ದೇ ಬೇರೆ. ಒಂದೇ ಒಂದು ದಿನ ಮೇಡಂ, ಅದೂ ಜೀವದ ಗೆಳೆಯ ಹೋದ ದುಃಖಕ್ಕೆ, ದಯವಿಟ್ಟು ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ವಕೀಲನ ಹಾಗೆ ವಾದಿಸುತ್ತಿದ್ದೆ.

ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಬರೆದುಕೊಳ್ಳಲೇಬೇಕು, ಆದರೆ ಇದರಲ್ಲಿ ಯಾರೂ ಫೇಲಾಗುವುದಿಲ್ಲ ಎಂದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಇಂಥ ಹೊತ್ತಿನಲ್ಲಿ ಹೋಗಿ ಕೂರಲು ಅವರಿಗೆ ಯಾರಾದರೂ ಇದ್ದಾರೆಯೇ?

ನಾನು ಜಗಲಿಯ ಕಡೆ ನೋಡಿದೆ.

‘ನನ್ ಹತ್ರಾನೇ ಬಂದವ್ನೆ ಮೇಡಂ. ಇಲ್ಲೇ ಕೂತವ್ನೆ.’